ಪಟ್ಟಿಯಲ್ಲಿದೆ, ಗೋಡೌನಿನಲ್ಲಿಲ್ಲ

ಮೇರಿಯಮ್ಮನ ಹಬ್ಬದ ವಾರ ಶಿವಾಜಿನಗರದೊಳಗೆ ಗಾಡಿ ಓಡಿಸೋದು ಮೂರ್ಖತನ. ಬಸ್ ಸ್ಟ್ಯಾಂಡ್ ಹತ್ತಿರವೇ ಬೈಕ್ ನಿಲ್ಲಿಸಿ, ಜನರ ನಡುವೆ ನುಸುಳಿಕೊಂಡು ಗುಜರಿ ಗಲ್ಲಿಯ ಸ್ಪೇರ್ ಪಾರ್ಟ್ಸ್ ಅಂಗಡಿ ತಲುಪುವಷ್ಟರಲ್ಲಿ ಏಳೂವರೆ. ಅಪ್ಪನ ಹಳೇ ಫಿಯಟ್‌ಗೆ ಒಂದು ಡೋರ್ ಹ್ಯಾಂಡಲ್ ಬೇಕಿತ್ತು. ಗಲ್ಲಾ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಗಡಿಯವರ ಮಗ ಕೂತಿದ್ದ. ಡಿಪ್ಲೊಮಾ ಮುಗಿಸಿ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದ ಹುಡುಗ.

"ಅಣ್ಣಾ, ನಾಲ್ಕು ಸಲ ಅಳಿಸಿ ಬರ್ದೆ. ಅದೇ ಎರರ್. ನಾಳೆ ಸಬ್‌ಮಿಷನ್. ಕೋಡಿಂಗ್ ನಮ್ಮಂಥವರಿಗಲ್ಲ, ಅಂಗಡೀಲೇ ಕೂರ್ತೀನಿ ಅಂತ ಅಬ್ಬಾಗೆ ಹೇಳ್ಬಿಟ್ಟೆ."

ಅಬ್ಬಾ ಕಾರ್ಬ್ಯುರೇಟರ್ ಒರೆಸುತ್ತಾ ಇದ್ದರು. ಏನೂ ಹೇಳಲಿಲ್ಲ.

ಆ 'ನಮ್ಮಂಥವರಿಗಲ್ಲ' ನನಗೆ ಚುಚ್ಚಿತು. ಆ ಅಂಗಡಿಯಿಂದ ಸುಮಾರು ಅರ್ಧ ಗಂಟೆ ನಡೆದರೆ ಮಿಲ್ಲರ್ಸ್ ರಸ್ತೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಕಚೇರಿ ತೆರೆದದ್ದು ಅಲ್ಲಿಯ ಸೋನಾ ಟವರ್ಸ್‌ನಲ್ಲಿ. ಊರಿನ ಸಾಫ್ಟ್‌ವೇರ್ ಕಥೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನದ್ದು ಮಾತ್ರ ಅಂದುಕೊಳ್ಳೋರು ಕಂಟೋನ್ಮೆಂಟನ್ನು ಮರೆತುಬಿಡುತ್ತಾರೆ. ಇರಲಿ.

ಅಸೈನ್‌ಮೆಂಟ್ ದೊಡ್ಡದೇನಲ್ಲ. ಅಂಕಗಳ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹಾಕುವ ಸಿ ಪ್ರೋಗ್ರಾಂ: ಎರಡು ಸಿ ಫೈಲು, ಒಂದು ಹೆಡರ್ ಫೈಲು. ತೆರೆಯ ಮೇಲೆ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ', 'ಮಲ್ಟಿಪಲ್ ಡೆಫಿನಿಷನ್ ಆಫ್ ಕೌಂಟ್'. ಕೋಡ್ ಓದಿದೆ. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ನಾಲ್ಕು ಸಲವೂ ಹುಡುಗ ಸರಿಯಾದ ಲೆಕ್ಕವನ್ನೇ ಅಳಿಸಿದ್ದ!

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರ್‌ಗಳ ಆರಂಭದ ದಿನಗಳಲ್ಲಿ ವರ್ಗಮೂಲದಂಥ ಸಿದ್ಧ ಲೆಕ್ಕಗಳನ್ನು ಪ್ರೋಗ್ರಾಮರ್‌ಗಳು ನೋಟ್‌ಬುಕ್‌ನಿಂದ ಕೈಯಾರೆ ನಕಲು ಮಾಡುತ್ತಿದ್ದರು. ನಕಲು ಮಾಡಿದಲ್ಲೆಲ್ಲ ಮೆಮೊರಿ ವಿಳಾಸಗಳನ್ನು ಮತ್ತೆ ಕೂಡಿಸಿ ಬರೆಯಬೇಕು. ಈ ಲೆಕ್ಕಗಳನ್ನು ಟೇಪಿನಲ್ಲಿ ಲೈಬ್ರರಿಯಾಗಿ ಇಟ್ಟು, ಬೇಕಾದ್ದನ್ನು ಯಂತ್ರವೇ ಎತ್ತಿ, ವಿಳಾಸ ತಿದ್ದಿ ಸೇರಿಸಲಿ ಅನ್ನುವ ವಿಚಾರವನ್ನು ಜಾನ್ ಮಾಕ್ಲಿ 1947ರಲ್ಲೇ ಮಂಡಿಸಿದ್ದರು. 1951–52ರಲ್ಲಿ ಗ್ರೇಸ್ ಹಾಪರ್ ಯುನಿವ್ಯಾಕ್ ಯಂತ್ರಕ್ಕೆ ಎ-ಝೀರೋ ಮಾಡಿದರು. ಜನ ನಕಲು ಮಾಡುವಾಗಲೂ ತಪ್ಪುತ್ತಾರೆ, ಕೂಡುವಾಗಲೂ ತಪ್ಪುತ್ತಾರೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. ಅದನ್ನು ಅವರು ಕರೆದದ್ದು ಕಂಪೈಲರ್ ಎಂದು, ಅಂದರೆ ಅಕ್ಷರಶಃ ಸಂಕಲನ ಮಾಡುವಂಥದ್ದು. ಇವತ್ತು ಅದೇ ಕೆಲಸ ಮಾಡುವುದಕ್ಕೆ ಲಿಂಕರ್ ಅನ್ನುತ್ತೇವೆ. ಹೆಸರು ಒಬ್ಬರ ಪಾಲಾಯಿತು, ಕೆಲಸ ಇನ್ನೊಬ್ಬರ ಪಾಲಾಯಿತು.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. "ಗಿರಾಕಿ ಕ್ಲಚ್ ಪ್ಲೇಟ್ ಕೇಳ್ದ. ಕಂಪನಿ ಕ್ಯಾಟಲಾಗ್‌ನಲ್ಲಿ ಪಾರ್ಟ್ ನಂಬರ್ ಇದೆ. ಅಷ್ಟಕ್ಕೆ ಮಾಲು ಕೈಗೆ ಬರುತ್ತಾ?" ಅಂತ ಕೇಳಿದೆ.

"ಗೋಡೌನಿಂದ ತರ್ಬೇಕು."

ಹೆಡರ್ ಫೈಲು ಕ್ಯಾಟಲಾಗ್. ಕಂಪೈಲರ್ ಅದನ್ನು ನೋಡಿ ಸುಮ್ಮನಾಗುತ್ತದೆ. ಮಾಲು ತರೋನು ಲಿಂಕರ್. ಗಣಿತದ ಲೆಕ್ಕಗಳ ಗೋಡೌನ್ ಯುನಿಕ್ಸ್‌ನಲ್ಲಿ ಬೇರೆ. ಹಾಗಾಗಿ ಜಿಸಿಸಿಗೆ 'ಮೈನಸ್ ಎಲ್‌ಎಂ' ಅಂತ ಬೇರೆಯಾಗಿಯೇ ಹೇಳಬೇಕು.

"ಹೇಳಿದೀನಲ್ಲ ಅಣ್ಣಾ!" ಅಂದ. ನಿಜ, ಹೇಳಿದ್ದ. ಆದರೆ ಫೈಲುಗಳ ಹೆಸರಿಗಿಂತ ಮೊದಲು. ಲಿಂಕರ್ ಎಡದಿಂದ ಬಲಕ್ಕೆ ಹೋಗುತ್ತದೆ. ಗೋಡೌನ್ ಮುಂದೆ ಹಾಯುವಾಗ ಕೈಯಲ್ಲಿ ಬೇಡಿಕೆ ಚೀಟಿ ಇಲ್ಲದಿದ್ದರೆ ಖಾಲಿ ಕೈಯಲ್ಲಿ ಮುಂದೆ ನಡೆಯುತ್ತದೆ, ವಾಪಸ್ ಬರೋದಿಲ್ಲ. ಅದನ್ನು ಕೊನೆಗೆ ಹಾಕಿಸಿದೆ. ಮೊದಲ ಎರರ್ ಹೋಯಿತು.

ಎರಡನೆಯದು ನನಗೆ ಹೆಚ್ಚು ಸ್ವಾರಸ್ಯ. "ಲ್ಯಾಬ್‌ನಲ್ಲಿ ಇದೇ ಹೆಡರ್ ಓಡುತ್ತೆ, ಮನೇಲಿ ಓಡಲ್ಲ" ಅಂದ. ಅವನು ಹೆಡರ್ ಒಳಗೆ 'ಇಂಟ್ ಕೌಂಟ್' ಅಂತ ಬರೆದಿದ್ದ. ಎರಡೂ ಫೈಲು ಅದನ್ನು ಸೇರಿಸಿಕೊಂಡಾಗ ಎರಡು ಕೌಂಟ್ ಹುಟ್ಟುತ್ತವೆ. ಹಳೇ ಫೋರ್‌ಟ್ರಾನ್‌ನಲ್ಲಿ ಕಾಮನ್ ಅಂತ ಒಂದು ವ್ಯವಸ್ಥೆ ಇತ್ತು: ಬೇರೆ ಬೇರೆ ಕಡೆ ಘೋಷಿಸಿದ ಒಂದೇ ಹೆಸರಿನ ಜಾಗವನ್ನು ಲಿಂಕರ್ ಒಂದೇ ಮಾಡಿಬಿಡುತ್ತಿತ್ತು. ಯುನಿಕ್ಸ್‌ನ ಸಿ ಕಂಪೈಲರ್‌ಗಳು ಆ ಔದಾರ್ಯವನ್ನು ಉಳಿಸಿಕೊಂಡವು, ಜಿಸಿಸಿ ಕೂಡ. 2020ರಲ್ಲಿ ಬಂದ ಜಿಸಿಸಿ 10 ಅದನ್ನು ನಿಲ್ಲಿಸಿತು. ಅಂದರೆ ಲ್ಯಾಬ್‌ನ ಕಂಪ್ಯೂಟರಿನಲ್ಲಿ ಹಳೇ ಜಿಸಿಸಿ, ಇವನ ಲ್ಯಾಪ್‌ಟಾಪ್‌ನಲ್ಲಿ ಹೊಸದು. ಹೆಡರ್‌ನಲ್ಲಿ ಮುಂದೆ 'ಎಕ್ಸ್‌ಟರ್ನ್' ಸೇರಿಸಿ, ನಿಜವಾದ ಕೌಂಟನ್ನು ಒಂದೇ ಫೈಲಿನಲ್ಲಿ ಇಡಿಸಿದೆ.

ನನ್ನ ಕಾಲದ್ದು ಟರ್ಬೋ ಸಿ. ಬೋರ್‌ಲ್ಯಾಂಡ್ ಅದನ್ನು ಹೊರತಂದದ್ದು 1987ರಲ್ಲಿ. ನಾನು ಕಾಲೇಜಿಗೆ ಹೋಗುವಷ್ಟರಲ್ಲಿ ಅದು ಮುದುಕಾಗಿತ್ತು, ಆದರೂ ಲ್ಯಾಬ್‌ನಲ್ಲಿ ಅದೇ. ಗ್ರಾಫಿಕ್ಸ್ ಪ್ರೋಗ್ರಾಂ, ಪ್ರಾಕ್ಟಿಕಲ್ ಪರೀಕ್ಷೆ, ನೀಲಿ ತೆರೆಯ ಮೇಲೆ 'ಅನ್‌ಡಿಫೈನ್ಡ್ ಸಿಂಬಲ್ ಇನಿಟ್‌ಗ್ರಾಫ್'. ಆಪ್ಷನ್ಸ್, ಲಿಂಕರ್, ಲೈಬ್ರರೀಸ್ ಅಂತ ಮೂರು ಮೆನು ಒಳಗೆ ಹೋಗಿ ಗ್ರಾಫಿಕ್ಸ್ ಲೈಬ್ರರಿಗೆ ಒಂದು ಗುರುತು ಹಾಕಿದ್ದರೆ ಮುಗಿದಿತ್ತು. ಎಕ್ಸಾಮಿನರ್ "ಲಾಜಿಕ್ ತಪ್ಪು" ಅಂತ ಬರೆದರು. ನಾನು ನಂಬಿದೆ. ಮೂರು ವರ್ಷ ನಂಬಿದ್ದೆ, ಅದೂ ನಿಜ.

ಪ್ರೋಗ್ರಾಂ ಓಡಿತು. ಹುಡುಗ ಬಂದ ಉತ್ತರವನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ತಾಳೆ ನೋಡಿದ.

"ಏನಾಗಿತ್ತಂತೆ?" ಅಬ್ಬಾ ಕೇಳಿದರು.

"ನಾನು ಬರ್ದಿದ್ದು ಸರಿಯಿತ್ತು ಅಬ್ಬಾ. ಗೋಡೌನ್ ಅಡ್ರೆಸ್ ಸರಿಯಾಗಿ ಕೊಟ್ಟಿರ್ಲಿಲ್ಲ."

ಅವರು ಕಾರ್ಬ್ಯುರೇಟರ್ ಕೆಳಗಿಟ್ಟು ಚಹಾ ತರಿಸಿದರು. ಫಿಯಟ್ ಹ್ಯಾಂಡಲ್ ಮಾತ್ರ ಸ್ಟಾಕ್ ಇರಲಿಲ್ಲ.