ಗುಮ್ಮಟಕ್ಕೆ ಬೆನ್ನು ಮಾಡಿ

ಸಿಡ್ನಿಗೆ ಬಂದ ಬಂಧುಮಿತ್ರರನ್ನು ವೀಕ್ಷಣಾಲಯದ ಗುಡ್ಡಕ್ಕೆ ಕರೆದೊಯ್ದರೆ ಅವರು ಮೊದಲು ಮಾಡುವ ಕೆಲಸವೆಂದರೆ ಗುಮ್ಮಟಗಳಿಗೆ ಬೆನ್ನು ಮಾಡಿ ಹಾರ್ಬರ್ ಸೇತುವೆಯ ಚಿತ್ರ ತೆಗೆಯುವುದು. ತಪ್ಪೇನಿಲ್ಲ, ನೋಟವೇ ಹಾಗಿದೆ. ಆದರೆ ಈ ಗುಡ್ಡದ ಮೇಲಿನ ಕ್ಯಾಮೆರಾ ಒಂದು ಕಾಲದಲ್ಲಿ ಮುಗಿಲಿನತ್ತ ಮುಖ ಮಾಡಿತ್ತೆಂಬುದನ್ನು ಬಲ್ಲವರು ವಿರಳ.

ಗ್ಯಾಡಿಗಲ್ ಜನರ ಈ ನೆಲದಲ್ಲಿ ವಲಸೆಗಾರರು ಮೊದಲು ಗಾಳಿಗಿರಣಿಯನ್ನೂ ಬಳಿಕ ಕೋಟೆಯನ್ನೂ ಕಟ್ಟಿದರು. ಬಂದರಿನ ಹಡಗುಗಳಿಗೆ ಕಾಣುವಂತಹ ಎತ್ತರ ಬೇಕಾಗಿದ್ದುದರಿಂದಲೇ ವೀಕ್ಷಣಾಲಯವೂ ಇಲ್ಲಿಗೆ ಬಂದಿತು. 1858ರ ಜೂನ್ 5ರಂದು ಮಧ್ಯಾಹ್ನ ಹನ್ನೆರಡು ಗಂಟೆಗೆ ಅದರ ಗೋಪುರದಿಂದ ಕಾಲಸೂಚಕ ಗೋಳ ಮೊದಲ ಬಾರಿಗೆ ಕೆಳಗಿಳಿಯಿತು. ನಾವಿಕರು ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು.

ಕ್ಯಾಮೆರಾಕ್ಕೆ ಅಲ್ಲಿ ಗೌರವದ ಸ್ಥಾನ ದೊರಕಿಸಿದವರು 1870ರಿಂದ 1905ರವರೆಗೆ ಸರ್ಕಾರಿ ಖಗೋಳಜ್ಞರಾಗಿದ್ದ ಹೆನ್ರಿ ಚೇಂಬರ್ಲೇನ್ ರಸೆಲ್. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋದಾಗ ಅವರು ಸಿಡ್ನಿಯಲ್ಲದೆ ವುಡ್‌ಫರ್ಡ್, ಗೌಲ್ಬರ್ನ್, ಈಡನ್‌ಗಳಲ್ಲಿಯೂ ವೀಕ್ಷಕರನ್ನು ನಿಲ್ಲಿಸಿ, ಆ ಕಪ್ಪು ಚುಕ್ಕೆಯನ್ನು ಗಾಜಿನ ಫಲಕಗಳ ಮೇಲೆ ಹಿಡಿಸಿದರು. ಸಿಡ್ನಿಯಲ್ಲಿ ಆಗ ನಡುಹಗಲು. ನಮ್ಮ ನಾಡಿನಲ್ಲಿ ಬೆಳಗಿನ ಹೊತ್ತು. ಅದೇ ಸಂದರ್ಭಕ್ಕಾಗಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಜನಸಾಮಾನ್ಯರಿಗೆಂದು ಬರೆದ ಕಿರುಹೊತ್ತಿಗೆ ಕನ್ನಡದಲ್ಲಿಯೂ ಅಚ್ಚಾಗಿತ್ತು. ಸಾಗರದ ಆಚೆ ಈಚೆ ಒಂದೇ ದೃಶ್ಯಕ್ಕೆ ಕಣ್ಣುಗಳು ಕಾದಿದ್ದವೆಂಬುದನ್ನು ನೆನೆದಾಗ ಈ ಗುಡ್ಡ ಅಷ್ಟೊಂದು ಪರಸ್ಥಳವೆನಿಸದು.

1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನವು ಇಡೀ ಆಕಾಶವನ್ನು ಛಾಯಾಚಿತ್ರಗಳಲ್ಲಿ ಅಳೆಯುವ ಮಹಾಸಾಹಸವನ್ನು ಕೈಗೆತ್ತಿಕೊಂಡಿತು. ದಕ್ಷಿಣಾಕಾಶದ ಒಂದು ಪಟ್ಟಿ ಸಿಡ್ನಿಯ ಪಾಲಿಗೆ ಬಂದರೆ, ಅದರಿಂದಾಚೆಗೆ ಧ್ರುವದವರೆಗಿನ ಭಾಗ ಮೆಲ್ಬರ್ನಿನ ಪಾಲಿಗೆ ಬಂತು. ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಈ ಕಾರ್ಯದಲ್ಲಿ ಕೈಜೋಡಿಸಿತು. ಕಲಬುರಗಿ, ಬೀದರ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೇ ಸೇರಿದ್ದವು.

ಆದರೆ ನಗರ ಬೆಳೆಯಿತು. ಅದರ ದೀಪಗಳನ್ನು ತಪ್ಪಿಸಿಕೊಳ್ಳಲು ರಸೆಲ್ಲರು ನಕ್ಷತ್ರಗಳ ಕ್ಯಾಮೆರಾವನ್ನು ಪೆನಂಟ್ ಹಿಲ್ಸ್ ಕಡೆಯ ರೆಡ್ ಹಿಲ್ಲಿಗೆ ಸಾಗಿಸಬೇಕಾಯಿತು. 1932ರಲ್ಲಿ ಸೇತುವೆ ತೆರೆಯಿತು. 1944ರಲ್ಲಿ ಮೆಲ್ಬರ್ನ್ ವೀಕ್ಷಣಾಲಯ ಮುಚ್ಚಿತು. ಅದು ಉಳಿಸಿಹೋದ ಕೆಲಸವನ್ನೂ ಸಿಡ್ನಿಯ ಹಾರ್ಲಿ ವುಡ್ ಅವರೇ ಹೊತ್ತು ಮುಗಿಸಬೇಕಾಯಿತು. 1982ರಲ್ಲಿ ಸಿಡ್ನಿಯಲ್ಲಿಯೂ ಸಂಶೋಧನೆ ನಿಂತು, ಕಟ್ಟಡ ವಸ್ತುಸಂಗ್ರಹಾಲಯದ ವಶವಾಯಿತು. 2020ರಲ್ಲಿ ಗುಡ್ಡದ ಪಶ್ಚಿಮಕ್ಕೆ 271 ಮೀಟರು ಎತ್ತರದ ಕ್ರೌನ್ ಗೋಪುರ ಎದ್ದಿತು. ಇಂದು ನಾವು ಬಯಸಿ ಸೆರೆಹಿಡಿಯುವ ಈ ದೀಪಮಾಲೆಯೇ ಅಂದು ಖಗೋಳಜ್ಞರ ಕಣ್ಣಿಗೆ ಪೊರೆಯಾಗಿ ಬೆಳೆಯಿತು.

ಹಳೆಯ ಫಲಕಗಳ ಶ್ರಮ ವ್ಯರ್ಥವಾಗಲಿಲ್ಲ. ಅವುಗಳಿಂದ ಅಳೆದ ಸ್ಥಾನಗಳನ್ನು ಹಿಪಾರ್ಕಸ್ ಉಪಗ್ರಹದ ಅಳತೆಗಳೊಡನೆ ಹೋಲಿಸಿ, ಒಂದು ಶತಮಾನದಲ್ಲಿ ಯಾವ ತಾರೆ ಎಷ್ಟು ಸರಿದಿದೆಯೆಂಬುದನ್ನು ಲೆಕ್ಕಹಾಕಲಾಯಿತು. 2000ದಲ್ಲಿ ಪ್ರಕಟವಾದ ಟೈಕೋ-2 ಎಂಬ ಸೂಚಿಯಲ್ಲಿ ಅಂತಹ ಸುಮಾರು 25 ಲಕ್ಷ ನಕ್ಷತ್ರಗಳಿವೆ.