ಲಂಟಾನದ ಆನೆಗಳು

ಕಲೆಯ ಮಾತು ಬಂದಾಗ ನಮ್ಮ ಮೈಸೂರು ಸೀಮೆಯವರ ಮನಸ್ಸು ಮೊದಲು ಹರಿಯುವುದು ಗಂಧ, ದಂತ, ಬೀಟೆ ಇವುಗಳ ಕಡೆಗೆ. ಅರಮನೆಯ ಬಾಗಿಲುಗಳಲ್ಲಿ ಮರಕ್ಕೆ ದಂತವನ್ನು ಕೂರಿಸಿ ಮಾಡಿರುವ ಕೆಲಸವನ್ನೂ ಗುಡಿಗಾರರು ಗಂಧದ ಕೊರಡಿನಲ್ಲಿ ಬಿಡಿಸಿರುವ ಬಳ್ಳಿಗಳನ್ನೂ ಕಂಡವರಿಗೆ, ವಸ್ತುವಿನ ಬೆಲೆಗೂ ಕಲೆಯ ಬೆಲೆಗೂ ಏನೋ ನಂಟಿದೆಯೆಂದು ತೋರುವುದು ಸಹಜ. ಯೂರೋಪಿನಲ್ಲಿ ಈ ನಂಬಿಕೆ 20ನೆಯ ಶತಮಾನದ ಮೊದಲ ಭಾಗದಲ್ಲಿಯೇ ಸಡಿಲವಾಯಿತು. 1942ರಲ್ಲಿ ಪಿಕಾಸೋ ಹಳೆಯ ಬೈಸಿಕಲ್ಲಿನ ಸೀಟಿಗೆ ಹ್ಯಾಂಡಲನ್ನು ಜೋಡಿಸಿ ಗೂಳಿಯ ತಲೆಯೊಂದನ್ನು ಮಾಡಿದನು, ರಸಿಕರು ಬೆರಗಾದರು. ಅಮೃತಶಿಲೆಯನ್ನು ತರಿಸಬಲ್ಲವನು ಗುಜರಿಯನ್ನು ಆರಿಸಿಕೊಂಡನೆಂಬುದೇ ಅಲ್ಲಿಯ ಸ್ವಾರಸ್ಯ. ಈ ಹೊತ್ತು ನಾನು ಹೇಳಹೊರಟಿರುವುದಾದರೋ ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದಿದ್ದವರ ಕಲೆಯನ್ನು ಕುರಿತು.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ಕೇಳುಗರಲ್ಲಿ ಅನೇಕರು ಉದಕಮಂಡಲಕ್ಕೆ ಹೋಗುವ ದಾರಿಯೆಂದು ಮಾತ್ರ ಬಲ್ಲರು. ಅರಿಕೊಠಾರವೆಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಕಾರಣದಿಂದ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಇದು ಬಯಲಿನ ಚರಿತ್ರೆ. ಆ ಬಯಲನ್ನು ಬಳಸಿ ನಿಂತಿರುವ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಾಡು, ಇವುಗಳ ಚರಿತ್ರೆಯೇ ಬೇರೆ. ಅಲ್ಲಿ ವಾಸಿಸುವ ಸೋಲಿಗರೂ ಜೇನುಕುರುಬರೂ ಬೆಟ್ಟಕುರುಬರೂ ಶಾಸನಗಳನ್ನು ಬರೆಸಿದವರಲ್ಲ. ಅವರ ಸುತ್ತಲಿದ್ದ ಬೆಲೆಬಾಳುವ ವಸ್ತುಗಳೆಲ್ಲವೂ ಒಂದೊಂದಾಗಿ ಸರ್ಕಾರದ ಸೊತ್ತಾದುವು. ಗಂಧವು ರಾಜವೃಕ್ಷವಾಯಿತು. ಆನೆಯೂ ಅದರ ದಂತವೂ ಅರಮನೆಗೆ ಸೇರಿದುವು. ಬಿದಿರನ್ನು ಕೂಡ 1927ರ ಅರಣ್ಯದ ಕಾಯಿದೆಯು ಮರಗಳ ಸಾಲಿಗೆ ಸೇರಿಸಿಬಿಟ್ಟಿತು. ಹುಲ್ಲಿನ ಜಾತಿಯ ಗಿಡವನ್ನು ಮರವೆನ್ನುವುದು ಸಸ್ಯಶಾಸ್ತ್ರಕ್ಕೆ ಒಪ್ಪದ ಮಾತು. ಆದರೆ ಕಾಯಿದೆಯು ಸಸ್ಯಶಾಸ್ತ್ರವನ್ನು ಓದಿ ಹುಟ್ಟುವುದಲ್ಲ.

ಎಲ್ಲರೂ ಕೀಳೆಂದು ತಿಳಿದ ವಸ್ತುವಿನಿಂದ ಮಾತನಾಡುವ ಪದ್ಧತಿ ಆ ಬೆಟ್ಟಗಳಿಗೆ ಹೊಸದೇನೂ ಅಲ್ಲ. ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಕಾಲಿನ ಜೋಡನ್ನು ಒಪ್ಪಿಸುವ ಸಂಪ್ರದಾಯವಿದೆ. ಮನುಷ್ಯನ ಅಳತೆಗೆ ಮೀರಿದ, ಒಂದು ಅಡಿಗಿಂತಲೂ ಉದ್ದವಾದ ತೊಗಲಿನ ಪಾದರಕ್ಷೆಗಳವು. ಮಾಡಿಕೊಡುವವರು ಬೆಟ್ಟದ ತಪ್ಪಲಿನ ಚರ್ಮಕಾರರು. ದೇವರು ಕಾಡಿನಲ್ಲಿ ಸಂಚರಿಸಿ ಹಳೆಯ ಜೋಡನ್ನು ಸವೆಸುತ್ತಾನೆಂದು ನಂಬುಗೆ. ಹೊಸ್ತಿಲ ಹೊರಗೆ ಬಿಡತಕ್ಕ ವಸ್ತು, ಹೊಸ್ತಿಲ ಹೊರಗೇ ನಿಲ್ಲಿಸಲ್ಪಟ್ಟಿದ್ದವರ ಕೈಯಿಂದ, ದೇವರ ಸನ್ನಿಧಿಯನ್ನೇ ಸೇರುತ್ತದೆ. ಸೋಲಿಗರಿಗಂತೂ ಆ ರಂಗಸ್ವಾಮಿ ಭಾವನೇ ಆಗಬೇಕು. ತಮ್ಮ ಕುಲದ ಕುಸುಮಾಲೆಯನ್ನು ಅವನು ವರಿಸಿದನೆಂದು ಅವರು ಹಾಡುತ್ತಾರೆ.

ಇನ್ನು ಆನೆಯ ವಿಷಯ. ಮೈಸೂರಿನ ಖೆಡ್ಡಾ ಎಂದೊಡನೆ ಕಾಕನಕೋಟೆಯ ಹೆಸರು ನೆನಪಾಗುವುದಷ್ಟೆ. ಆದರೆ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯು ಈ ರಾಜ್ಯದಲ್ಲಿ ಆನೆಯ ಹಿಂಡನ್ನು ಮೊದಲು ಆವರಣಕ್ಕೆ ಅಟ್ಟಿದ್ದು 1874ರಲ್ಲಿ, ಚಾಮರಾಜನಗರದ ಬಳಿಯಲ್ಲಿ. ಅವನು 1878ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದವರಿಗೆ, ಹೆಜ್ಜೆಯ ಜಾಡನ್ನು ಹಿಡಿಯುವುದರಲ್ಲಿ ಸೋಲಿಗರಿಗಿದ್ದ ನೈಪುಣ್ಯದ ಪರಿಚಯವಾಗುತ್ತದೆ. ಎಲೆ ಮುರಿದ ಬಗೆಯಿಂದ, ಲದ್ದಿಯ ಬಿಸಿಯಿಂದ, ಹಿಂಡು ಹೋಗಿ ಎಷ್ಟು ಹೊತ್ತಾಯಿತೆಂಬುದನ್ನು ತಿಳಿಯುವ ವಿದ್ಯೆ ಅದು. ಆ ವಿದ್ಯೆಯನ್ನು ದೊರೆತನವು ಉಪಯೋಗಿಸಿಕೊಂಡಿತು. ಆನೆಗಳು ಮೆರವಣಿಗೆಗೂ ಮರ ಎಳೆಯುವ ಕೆಲಸಕ್ಕೂ ಬಂದುವು. ಕೊನೆಯ ಖೆಡ್ಡಾ ಕಾಕನಕೋಟೆಯಲ್ಲಿ 1971ರಲ್ಲಿ ಮುಗಿಯಿತು. ದಂತದ ವ್ಯಾಪಾರವನ್ನು 1986ರ ತಿದ್ದುಪಡಿಯು ನಿಲ್ಲಿಸಿತು. ಮೈಸೂರಿನ ಬೀಟೆಯ ಕೆಲಸಗಾರರು ಬಿಳಿಯ ಪ್ಲಾಸ್ಟಿಕ್ಕನ್ನು ಕೂರಿಸುವುದನ್ನು ಕಲಿತುಕೊಂಡರು.

ಈ ಮಧ್ಯೆ ಬೇರೊಂದು ಪ್ರಾಣಿ, ಪ್ರಾಣಿಯಲ್ಲ, ಗಿಡ, ಸದ್ದಿಲ್ಲದೆ ಕಾಡನ್ನು ಹೊಕ್ಕಿತ್ತು. ಲಂಟಾನವು ಅಮೆರಿಕದ ಉಷ್ಣದೇಶಗಳದು. 19ನೆಯ ಶತಮಾನದ ಆರಂಭದಲ್ಲಿ, ಹೂವಿನ ಚೆಲುವಿಗಾಗಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅದನ್ನು ತಂದರು. ಒಂದೇ ಗೊಂಚಲಿನಲ್ಲಿ ಹಳದಿಯೂ ಕೆಂಪೂ ಕೂಡಿರುವ ಆ ಹೂವನ್ನು ನೋಡಿ ದೊರೆಸಾನಿಯರು ಬೇಲಿಗಳಲ್ಲಿ ನೆಟ್ಟರು. ಹಣ್ಣನ್ನು ಪಿಕಳಾರ ಹಕ್ಕಿಗಳು ತಿಂದು ಬೀಜವನ್ನು ಬೆಟ್ಟಕ್ಕೆ ಒಯ್ದುವು. ದನ ಅದನ್ನು ಮುಟ್ಟದು, ಮುಟ್ಟಿದರೆ ಕಾಯಿಲೆ, ಜಿಂಕೆಯೂ ಮೇಯದು. ಬುಡದಲ್ಲಿ ಕಡಿದರೆ ಮರುಮಳೆಗೆ ಚಿಗುರುವುದು. 1899ರಲ್ಲಿ ಕೊಡಗಿನ ಗಂಧದ ಮರಗಳಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗಕ್ಕೂ ಇದೇ ಕಾರಣವೋ ಎಂದು ಕೆಲವರು ಸಂಶಯಪಟ್ಟದ್ದುಂಟು. ಆ ಅಪರಾಧ ಅದರದಲ್ಲವೆಂದು ಮುಂದೆ ತಿಳಿಯಿತು. ಉಳಿದ ಅಪರಾಧಗಳು ಸಾಲವೆ? ಭಾರತದಲ್ಲಿ ಹುಲಿಗಳಿರುವ ಕಾಡಿನ 40ರಷ್ಟು ಭಾಗಕ್ಕೂ ಮೀರಿ, ಅಂದರೆ ಸುಮಾರು 1,54,000 ಚದರ ಕಿಲೋಮೀಟರಿನಲ್ಲಿ, ಅದು ಹಬ್ಬಿರಬಹುದೆಂದು 2020ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು.

ಸೋಲಿಗ ಹಿರಿಯರು ಈ ಹಾವಳಿಗೆ ಒಂದು ಕಾರಣವನ್ನು ಹೇಳುತ್ತಾರೆ. ಬೇಸಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿ ಕೊಟ್ಟು ನೆಲವನ್ನು ಶುದ್ಧಮಾಡುವುದು ಅವರ ವಾಡಿಕೆ. ಅದಕ್ಕೆ ತರಗು ಬೆಂಕಿಯೆಂದು ಹೆಸರು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ವನ್ಯಧಾಮವಾದ ಮೇಲೆ ಆ ಬೆಂಕಿಗೆ ತಡೆಯಾಯಿತು. ಲಂಟಾನದ ಸಸಿಗಳು ಸುಡದೆ ಉಳಿದು ಪೊದೆಯಾದುವು ಎಂಬುದು ಅವರ ವಾದ. ಇದನ್ನು ಹಳ್ಳಿಗರ ಹರಟೆಯೆಂದು ತಳ್ಳಿಹಾಕುವ ಕಾಲ ಹೋಯಿತು. ಅಲ್ಲಿಯ ಸಂಶೋಧಕರೇ ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. 2011ರಲ್ಲಿ ಆ ಬೆಟ್ಟವು ಹುಲಿಗಳ ರಕ್ಷಿತಾರಣ್ಯವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕಿನ ಕಾಯಿದೆಯಂತೆ, ಸೋಲಿಗರ ಸಮುದಾಯಕ್ಕೆ ಕಾಡಿನ ಮೇಲಣ ಹಕ್ಕುಗಳೂ ಲಭಿಸಿದುವು.

ಹಕ್ಕಿನ ಈ ವ್ಯವಹಾರವೆಲ್ಲ ಇತ್ಯರ್ಥವಾಗುವುದಕ್ಕೆ ಮೊದಲೇ ಮಲೆ ಮಹದೇಶ್ವರನ ಬೆಟ್ಟದಲ್ಲಿ ಒಂದು ಪ್ರಯೋಗ ನಡೆದಿತ್ತು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆಯು 2004ರ ಸುಮಾರಿನಲ್ಲಿ, ಬಿದಿರಿಗೆ ಬದಲಾಗಿ ಲಂಟಾನವನ್ನು ಹೆಣೆಯುವ ಕೆಲಸವನ್ನು ಅಲ್ಲಿಯ ಜನರಿಗೆ ಕಲಿಸಲು ಏರ್ಪಾಡುಮಾಡಿತು. ಕೆಲಸದ ಕ್ರಮ ಇದು: ನೇರವಾದ ಕಡ್ಡಿಗಳನ್ನು ಕಡಿದು ತಂದು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುವರು. ಬಿಸಿ ಆರುವುದರೊಳಗೆ ಸಿಪ್ಪೆಯನ್ನು ಸುಲಿಯಬೇಕು. ಆರಿದರೆ ಅದು ಬಿಡದು. ಬೆಂದ ಕಡ್ಡಿ ಬೆತ್ತದಂತೆ ಬಾಗುತ್ತದೆ, ಒಣಗಿದ ಮೇಲೆ ಬಾಗಿದ ರೂಪದಲ್ಲಿಯೇ ನಿಲ್ಲುತ್ತದೆ. ದಪ್ಪನೆಯದು ಕುರ್ಚಿಯ ಕಾಲಿಗೆ, ತೆಳ್ಳನೆಯದು ಹೆಣಿಗೆಗೆ. ಹುಳು ತಿನ್ನುವುದು ಅಪರೂಪ. ಹಸುವಿಗೆ ವಿಷವಾದದ್ದು ಹುಳುವಿಗೂ ರುಚಿಸದಿರಬಹುದು. ಕುರ್ಚಿ, ಬುಟ್ಟಿ, ಸೋಫಾಗಳು ತಯಾರಾದುವು. ಉಪಯುಕ್ತವಾದ ಕೈಗಾರಿಕೆ ನಿಜ; ಕಲೆಯೆನ್ನಲು ಅಲ್ಲಿಗೆ ಇನ್ನೂ ಏನೋ ಸಾಲದಾಗಿತ್ತು.

ಆ ಕೊರತೆಯನ್ನು ತುಂಬಿದುದು ಆನೆ. ಗುಂಡ್ಲುಪೇಟೆಯಿಂದ ಬಂಡೀಪುರವನ್ನು ಹಾದು ಘಟ್ಟವನ್ನೇರುವ ದಾರಿಯಲ್ಲಿ, ತಮಿಳುನಾಡಿನ ಗಡಿಯಾಚೆ, ಗೂಡಲೂರು ಇದೆ. ಅಲ್ಲಿ ಬೆಟ್ಟಕುರುಬರು, ಪಣಿಯರು, ಕಾಟ್ಟುನಾಯಕರು, ಅವರೊಡನೆ ಸೋಲಿಗರು, ಕಬ್ಬಿಣದ ಸರಳಿನ ಹಂದರದ ಮೇಲೆ ಲಂಟಾನದ ಕಡ್ಡಿಯನ್ನು ಸುತ್ತಿ ಆನೆಗಳನ್ನು ಕಟ್ಟತೊಡಗಿದರು. ನಿಜವಾದ ಆನೆಯ ಎತ್ತರ, ನಿಜವಾದ ಆನೆಯ ಸುತ್ತಳತೆ. ಇನ್ನೂ ಹೆಚ್ಚಿನದೆಂದರೆ, ಅವು ಯಾವುದೋ ಒಂದು ಆನೆಯ ಮಾದರಿಗಳಲ್ಲ. ಆ ಸುತ್ತಿನ ತೋಟಗಳಲ್ಲಿ ನಡೆದಾಡುವ ಇಂಥದೇ ಹೆಣ್ಣಾನೆ, ಇಂಥದೇ ಸಲಗ, ಇಂಥದೇ ಮರಿ. 2020ರಲ್ಲಿ ಈ ಹಿಂಡು ಕೊಚ್ಚಿಯ ಕಡಲತೀರದಲ್ಲಿ ನಿಂತಿತು, 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ, 2024ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ. ಮಲೆ ಮಹದೇಶ್ವರನ ಬೆಟ್ಟದ ಸೋಲಿಗರು ಕಟ್ಟಿದ ಆನೆಗಳು ಅದೇ 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದುವು.

ಈ ಆನೆಗಳ ವಿನ್ಯಾಸದಲ್ಲಿ ಪಟ್ಟಣದ ಶಿಕ್ಷಿತರ ಪಾಲಿದೆ, ಪರದೇಶದ ಹಣವೂ ಇದೆ. ಆದಕಾರಣ ಇದು ಆದಿವಾಸಿಗಳ ಸ್ವಂತ ಅಭಿವ್ಯಕ್ತಿಯಲ್ಲ, ಬರಿಯ ಕೂಲಿಯ ಕೆಲಸ ಎಂದು ಆಕ್ಷೇಪಿಸುವವರುಂಟು. ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಆದರೆ ಬೇಲೂರಿನ ಶಿಲ್ಪಿಗಳಿಗೂ ಕೂಲಿ ಕೊಟ್ಟವನು ಬೇರೆಯವನೇ ಅಲ್ಲವೆ? ನೋಡಬೇಕಾದದ್ದು ಕೈಯನ್ನು. ಕಿವಿಯ ಅಂಚು ಮಡಿಸಿಕೊಳ್ಳುವ ರೀತಿ, ಮುದಿ ಆನೆಯ ಕಪಾಲದ ತಗ್ಗು, ಅನುಮಾನ ಬಂದಾಗ ಸೊಂಡಿಲು ಅರ್ಧ ಎತ್ತಿ ನಿಲ್ಲುವುದು, ಇವು ರಾತ್ರಿ ಹೊಲ ಕಾದವನಿಗೆ ಗೊತ್ತು. ಓಡಿ ಜೀವ ಉಳಿಸಿಕೊಂಡವನಿಗೆ ಮತ್ತೂ ಚೆನ್ನಾಗಿ ಗೊತ್ತು. ಸ್ಯಾಂಡರ್ಸನ್ನನ ಕಾಲದಲ್ಲಿ ಹಿಂಡನ್ನು ಹಳ್ಳಕ್ಕೆ ಒಯ್ದ ತಿಳಿವಳಿಕೆಯೇ ಇಲ್ಲಿ ಕಡ್ಡಿಯ ಬಾಗಿನಲ್ಲಿ ಕೂತಿದೆ. ನನ್ನ ಬೇಸರ ಬೇರೆ: ನೋಡಿದವರು ಆನೆಯ ಹೆಸರನ್ನು ಕೇಳಿ ತಿಳಿದುಕೊಳ್ಳುತ್ತಾರೆ, ಕಟ್ಟಿದವರ ಹೆಸರನ್ನು ಕೇಳುವವರು ಕಡಿಮೆ.

ಕಾಡಿನ ಲಂಟಾನ ಇದರಿಂದ ತೀರಿಹೋಗುವುದೆಂದು ಯಾರೂ ಭ್ರಮಿಸಬೇಕಾಗಿಲ್ಲ. ನೂರು ಆನೆಗಳಿಗೆ ಬೇಕಾಗುವ ಕಡ್ಡಿಯನ್ನು ಒಂದು ಬೆಟ್ಟದ ಪಕ್ಕೆಯೇ ಕೊಟ್ಟೀತು, ಮತ್ತು ಮುಂದಿನ ಮಳೆಗಾಲದಲ್ಲಿ ಬುಡಸಹಿತ ಕೀಳದ ಕಡೆಯಲ್ಲೆಲ್ಲ ಅದು ಪುನಃ ಚಿಗುರಿರುತ್ತದೆ. ಗಂಧಕ್ಕೆ ಪಹರೆಯುಂಟು, ಬೀಟೆಗೆ ಪರವಾನಗಿಯುಂಟು. ಲಂಟಾನವನ್ನು ಹೊತ್ತುಕೊಂಡು ಹೋಗುವ ಸೋಲಿಗನನ್ನು ಮಾತ್ರ ಆ ಬೆಟ್ಟಗಳಲ್ಲಿ ಕಳ್ಳನೆಂದು ಕರೆಯುವವರಿಲ್ಲ.