‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’: ಒಂದು ವಾದ್ಯಕೃತಿಯ ಚರಿತ್ರೆ

ಸಂಗೀತಕೃತಿಗೆ ಭಾಗಗಳಿರುವುದು ಹೊಸ ಸಂಗತಿಯಲ್ಲ. ನಮ್ಮ ಕೀರ್ತನೆಗೆ ಪಲ್ಲವಿ, ಅನುಪಲ್ಲವಿ, ಚರಣಗಳುಂಟು. ಪಾಶ್ಚಾತ್ಯರ ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಅಂಗಗಳುಂಟು. ಅವುಗಳನ್ನು ರಚಿಸುವವನು ಒಬ್ಬನೇ. ಇಡಿಯ ಕೃತಿಯ ಆಕಾರವೂ ಅವನ ಮನಸ್ಸಿನಲ್ಲಿಯೇ ಮೂಡಿರುತ್ತದೆ. ಆದರೆ ಮೊದಲೆರಡು ಭಾಗಗಳು 1973ರಲ್ಲಿಯೂ, ಮೂರನೆಯದು 1984ರಲ್ಲಿಯೂ, ನಾಲ್ಕನೆಯದು 2000ದಲ್ಲಿಯೂ ಹೊರಬಂದು, ಐದನೆಯದು 2003ರಲ್ಲಿ ಬೇರೆ ಹೆಸರು ಹೊತ್ತು ಬಂದ ಕೃತಿಯೊಂದು ಇಂಗ್ಲೆಂಡಿನ ರಾಕ್ ಸಂಗೀತದಲ್ಲಿದೆ. ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ ಎಂದು ಅದರ ಹೆಸರು. ನುಡಿಸಿದ ತಂಡ ಕಿಂಗ್ ಕ್ರಿಮ್ಸನ್. ಮೂವತ್ತು ವರ್ಷಗಳಲ್ಲಿ ಬೇರೆ ಬೇರೆ ಕೈಗಳಿಂದ ಹುಟ್ಟಿದ ಈ ಭಾಗಗಳನ್ನು ಒಂದೇ ಕೃತಿಯೆಂದು ಕರೆಯುವುದು ನ್ಯಾಯವೆ? ಚರಿತ್ರೆಯನ್ನು ನೋಡಿದ ಮೇಲೆ ಉತ್ತರ ಹೇಳಬೇಕಾದ ಪ್ರಶ್ನೆ ಇದು.

ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ. ಅನಕೃ ಮೊದಲಾದವರ ಪ್ರಗತಿಶೀಲ ಸಾಹಿತ್ಯವನ್ನು ಬಲ್ಲ ವಾಚಕರು ಈ ಹೆಸರಿನಿಂದ ದಾರಿ ತಪ್ಪಬಾರದು. ಇಲ್ಲಿ ‘ಪ್ರಗತಿ’ ಎಂಬುದು ಸಮಾಜದ ಮಾತಲ್ಲ, ರೂಪದ ಮಾತು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದು, ಶಾಸ್ತ್ರೀಯ ಸಂಗೀತದ ದೀರ್ಘತೆಯನ್ನೂ ಜಾಸ್‌ನ ಮನೋಧರ್ಮವನ್ನೂ ವಿದ್ಯುತ್ ಗಿಟಾರಿಗೆ ತರಲು ಹೊರಟ ತರುಣರ ಪ್ರಯತ್ನ ಅದು. 1969ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ಕಿಂಗ್ ಕ್ರಿಮ್ಸನ್ ಆ ಮಾರ್ಗದ ಮುಂಚೂಣಿಯಲ್ಲಿತ್ತು. ಆದರೆ ತಂಡದಲ್ಲಿ ಜನ ನಿಲ್ಲುತ್ತಿರಲಿಲ್ಲ. 1972ರ ಹೊತ್ತಿಗೆ ಮೂಲ ಸದಸ್ಯರಲ್ಲಿ ಉಳಿದವನು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬನೇ.

ಆ ವರ್ಷ ಆತನು ಹೊಸದಾಗಿ ಕೂಡಿಸಿದ ತಂಡ ವಿಚಿತ್ರವಾದುದು. ಪಿಟೀಲಿಗೆ ಡೇವಿಡ್ ಕ್ರಾಸ್, ಬಾಸ್ ಗಿಟಾರಿಗೂ ಹಾಡಿಗೂ ಜಾನ್ ವೆಟ್ಟನ್. ಡ್ರಮ್ಸ್‌ಗೆ ಬಂದವನು ಬಿಲ್ ಬ್ರೂಫರ್ಡ್. ‘ಯೆಸ್’ ಎಂಬ ತಂಡ ಯಶಸ್ಸಿನ ಶಿಖರವೇರುತ್ತಿದ್ದಾಗಲೇ ಅದನ್ನು ಬಿಟ್ಟು ಬಂದವನು ಈತ. ಐದನೆಯವನು ಜೇಮಿ ಮ್ಯೂರ್. ಈತನ ವಾದ್ಯಗಳನ್ನು ವಾದ್ಯಗಳೆನ್ನಲು ನಮ್ಮ ವಿದ್ವಾಂಸರು ಒಪ್ಪುವರೋ ಇಲ್ಲವೋ. ಗಂಟೆಗಳು, ಹಕ್ಕಿಯ ಕೂಗಿನ ಪೀಪಿಗಳು, ಬೆರಳಿನಿಂದ ಮೀಟುವ ಆಫ್ರಿಕದ ಕಲಿಂಬ, ಅಡಿಗೆಮನೆಯ ತಟ್ಟೆಗಳು, ಕಬ್ಬಿಣದ ತಗಡು, ಅದರ ಮೇಲೆ ಬೀಸಿ ಹೊಡೆಯಲು ಸರಪಣಿ! ಆದರೂ ಈತನದು ಹುಡುಗಾಟವಾಗಿರಲಿಲ್ಲ. ವಾದಕನಿಗಾಗಿ ಸಂಗೀತವಿಲ್ಲ, ಸಂಗೀತಕ್ಕಾಗಿ ವಾದಕನಿದ್ದಾನೆ ಎಂಬ ಪಾಠವನ್ನು ತಾನು ಮ್ಯೂರ್‌ನಿಂದ ಕಲಿತುದಾಗಿ ಬ್ರೂಫರ್ಡ್ ಮುಂದೆ ಹೇಳಿಕೊಂಡಿದ್ದಾನೆ.

ಕೃತಿಗೆ ಹೆಸರಿಟ್ಟವನೂ ಮ್ಯೂರ್‌ನೇ. ಲಾರ್ಕ್ ಎಂಬುದು ಮುಗಿಲಿಗೇರುತ್ತ ಹಾಡುವ ಪುಟ್ಟ ಹಕ್ಕಿ. ಆಸ್ಪಿಕ್ ಎಂದರೆ ಮಾಂಸದ ಸಾರನ್ನು ತಣಿಸಿ ಹೆಪ್ಪುಗಟ್ಟಿಸಿದ ಪಾರದರ್ಶಕವಾದ ಭಕ್ಷ್ಯ. ಹಾಡುಹಕ್ಕಿಯ ನಾಲಗೆಗಳನ್ನು ಆ ಹೆಪ್ಪಿನಲ್ಲಿ ಹುದುಗಿಸಿಟ್ಟಂತೆ ಎಂದು ಅರ್ಥ. ಶಾಕಾಹಾರಿಗಳಾದ ವಾಚಕರು ಮುಖ ಸಿಂಡರಿಸಿದರೆ ಆಶ್ಚರ್ಯವಿಲ್ಲ. ಆದರೆ ಸುಕುಮಾರವಾದುದೊಂದು ಗಟ್ಟಿಯಾದುದರೊಳಗೆ ಸಿಕ್ಕಿಕೊಂಡು, ಹೊರಗಿನಿಂದ ಕಣ್ಣಿಗೆ ಕಾಣುತ್ತಿರುವ ಈ ಚಿತ್ರಕ್ಕಿಂತ ಹೆಚ್ಚು ಒಪ್ಪುವ ವರ್ಣನೆ ಆ ಸಂಗೀತಕ್ಕೆ ದೊರೆಯುವುದು ಕಷ್ಟ.

1973ರ ಆದಿಯಲ್ಲಿ ಲಂಡನ್ನಿನ ಕಮಾಂಡ್ ಸ್ಟುಡಿಯೋದಲ್ಲಿ ಮುದ್ರಣ ನಡೆದು ಮಾರ್ಚ್ ತಿಂಗಳಲ್ಲಿ ಧ್ವನಿಮುದ್ರಿಕೆ ಹೊರಬಂದಿತು. ಮೊದಲ ಭಾಗ ಅದರ ಆರಂಭಕ್ಕೆ, ಎರಡನೆಯ ಭಾಗ ಕೊನೆಗೆ. ನಡುವೆ ಬೇರೆ ರಚನೆಗಳು. ಮೊದಲ ಭಾಗವು ಹದಿಮೂರುವರೆ ನಿಮಿಷಗಳದು. ಕಲಿಂಬದ ಮೆಲುದನಿಯೂ ಗಂಟೆಗಳ ಕಿಣಿಕಿಣಿಯೂ ಕೆಲವು ನಿಮಿಷಗಳವರೆಗೆ ಆತುರವಿಲ್ಲದೆ ಸಾಗುತ್ತವೆ. ಬಳಿಕ ಪಿಟೀಲು ಒಂದೇ ಸ್ವರಗುಚ್ಛವನ್ನು ಕುಟ್ಟತೊಡಗುತ್ತದೆ, ಆತಂಕ ಏರುತ್ತದೆ, ಗಿಟಾರು ಒಮ್ಮೆಲೇ ಸಿಡಿಲಿನಂತೆ ಬಂದೆರಗುತ್ತದೆ. ಆ ಗದ್ದಲವೆಲ್ಲ ಅಡಗಿದ ಮೇಲೆ ಕ್ರಾಸ್‌ನ ಪಿಟೀಲು ಬಹುತೇಕ ಒಂಟಿಯಾಗಿ, ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ ನುಡಿಯುತ್ತದೆ. ಈ ನಿಶ್ಶಬ್ದದ ಪಾಲು ನನ್ನ ಮಟ್ಟಿಗೆ ಇಡಿಯ ಕೃತಿಯ ಹೃದಯ. ಎರಡನೆಯ ಭಾಗದಲ್ಲಿ ಇಂತಹ ವಿರಾಮವಿಲ್ಲ. ಅದು ಐದರ, ಹತ್ತರ ಎಣಿಕೆಯಲ್ಲಿ ಹೆಜ್ಜೆಯಿಡುವ ಗಿಟಾರಿನ ನಡೆ. ಖಂಡಗತಿಯನ್ನು ಬಲ್ಲ ಕಿವಿಗೆ ಎಣಿಕೆ ಅಪರಿಚಿತವಲ್ಲ, ಆದರೆ ಅದರ ಒರಟುತನ ಬೇರೆ.

ರಚನಕಾರರ ಹೆಸರುಗಳನ್ನು ಗಮನಿಸಬೇಕು. ಮೊದಲ ಭಾಗ ಐವರ ಹೆಸರಿನಲ್ಲಿದೆ. ಎರಡನೆಯದು ಫ್ರಿಪ್ ಒಬ್ಬನದು.

ಮುದ್ರಿಕೆ ಹೊರಬರುವ ಮೊದಲೇ ಮ್ಯೂರ್ ತಂಡವನ್ನು ತೊರೆದನು. ವೇದಿಕೆಯ ಮೇಲೆ ಗಾಯವಾಯಿತೆಂದು ಪ್ರಕಟಣೆ ಹೊರಟಿತು. ವಾಸ್ತವದಲ್ಲಿ ಆತನು ಸ್ಕಾಟ್ಲೆಂಡಿನ ಬೌದ್ಧ ಮಠವೊಂದನ್ನು ಸೇರಿದ್ದನು. ಆತನ ಮನಸ್ಸನ್ನು ತಿರುಗಿಸಿದ ಗ್ರಂಥಗಳಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆಯೂ ಒಂದು. ಆ ಮಾರ್ಚ್ ತಿಂಗಳಲ್ಲಿ ಬ್ರೂಫರ್ಡನ ಮದುವೆಯ ಸತ್ಕಾರಕೂಟದಲ್ಲಿ ‘ಯೆಸ್’ ತಂಡದ ಗಾಯಕ ಜಾನ್ ಆಂಡರ್ಸನ್‌ಗೆ ಮ್ಯೂರ್ ಈ ಗ್ರಂಥದ ವಿಷಯ ಹೇಳಿದನು. ಅದರ ಅಡಿಟಿಪ್ಪಣಿಯೊಂದರಲ್ಲಿ ಶಾಸ್ತ್ರಗಳನ್ನು ನಾಲ್ಕು ವರ್ಗಗಳಾಗಿ ವಿವರಿಸಿದೆ. ಆಂಡರ್ಸನ್ ಅದನ್ನೇ ಆಧಾರವಾಗಿಟ್ಟುಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಎಂಬ ನಾಲ್ಕು ಭಾಗಗಳ ಬೃಹತ್ಕೃತಿ ಹೊರಬಂದಿತು. ಅಡಿಟಿಪ್ಪಣಿಯಿಂದ ಇಷ್ಟು ದೂರ ಸಾಗಿದ ಸಂಗೀತ ಇನ್ನೊಂದುಂಟೋ ಇಲ್ಲವೋ!

ಕಿಂಗ್ ಕ್ರಿಮ್ಸನ್ 1974ರಲ್ಲಿ ವಿಸರ್ಜನೆಗೊಂಡಿತು. ಅದೇ ವರ್ಷ ತೆರೆಕಂಡ ‘ಎಮಾನ್ಯುಯೆಲ್’ ಎಂಬ ಫ್ರೆಂಚ್ ಚಲನಚಿತ್ರದಲ್ಲಿ ಎರಡನೆಯ ಭಾಗದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದರೆಂದು ಫ್ರಿಪ್ ದಾವೆ ಹೂಡಿದನು. ವ್ಯಾಜ್ಯವು ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು.

1981ರಲ್ಲಿ ತಂಡ ಮರುಹುಟ್ಟು ಪಡೆದಾಗ ಹಳಬರು ಫ್ರಿಪ್, ಬ್ರೂಫರ್ಡ್ ಇಬ್ಬರೇ. ಅಮೆರಿಕದ ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್ ಹೊಸದಾಗಿ ಸೇರಿದರು. 1984ರ ಮೂರನೆಯ ಭಾಗ ಇವರದು. 2000ದ ನಾಲ್ಕನೆಯ ಭಾಗಕ್ಕೆ ಬ್ರೂಫರ್ಡನೂ ಇರಲಿಲ್ಲ. ಅದರ ಬೆನ್ನಿಗೆ ಬಂದ ಸಮಾಪ್ತಿಯಲ್ಲಿ ಇಪ್ಪತ್ತನೆಯ ಶತಮಾನದ ದುರಂತಗಳನ್ನು ಹೆಸರಿಸುವ ಹಾಡೊಂದನ್ನು ಸೇರಿಸಿದರು. ಹಾಡಿಲ್ಲದೆಯೇ ಬದುಕಿ ಬಂದ ಕೃತಿಗೆ ಮಾತಿನ ಬಾಲವೇಕೆ ಬೇಕಾಯಿತೋ ತಿಳಿಯದು. ನನಗೆ ಅದು ಒಗ್ಗಲಿಲ್ಲ. 2003ರಲ್ಲಿ ‘ಲೆವೆಲ್ ಫೈವ್’ ಎಂಬ ಹೆಸರಿನಲ್ಲಿ ಬಂದ ರಚನೆಯನ್ನು ಐದನೆಯ ಭಾಗವೆಂದು ಎಣಿಸುವುದು ರೂಢಿ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಮೂರು, ನಾಲ್ಕು, ಐದನ್ನು ಸಾಲಾಗಿ ಕೇಳಿದವರಿಗೆ ಅವು ಎರಡನೆಯ ಭಾಗದ ಮಕ್ಕಳೆಂಬುದು ಸ್ಪಷ್ಟವಾಗುತ್ತದೆ. ಅದೇ ಕರ್ಕಶವಾದ ಸ್ವರಮೇಳ, ವಿಷಮ ಎಣಿಕೆ, ಏರುತ್ತ ಏರುತ್ತ ಒಡೆಯುವ ಕಟ್ಟಡ. ವಾದಕರು ಬದಲಾದರೂ ರಚನೆಯ ಗುಟ್ಟು ಫ್ರಿಪ್‌ನ ಕೈಯಲ್ಲಿತ್ತು; ಆದುದರಿಂದ ಇವು ನಾಲ್ಕನ್ನು ಒಂದೇ ಕೃತಿಯೆನ್ನಲು ಅಡ್ಡಿಯಿಲ್ಲ. ಮೊದಲ ಭಾಗದ ಸ್ಥಿತಿ ಹಾಗಲ್ಲ. ಅದು ಐವರು ಕೂಡಿದ್ದ ಕೆಲವೇ ತಿಂಗಳುಗಳ ಫಲ. ಆ ತಗಡು, ಆ ಗಂಟೆ, ಆ ಒಂಟಿ ಪಿಟೀಲುಗಳನ್ನು ಮುಂದಿನ ಯಾವ ಭಾಗವೂ ಮುಟ್ಟಲಿಲ್ಲ. ಕೃತಿಗೆ ಹೆಸರು ಕೊಟ್ಟ ಭಾಗವೇ ಸಂತಾನವಿಲ್ಲದೆ ಉಳಿಯಿತು.

ತಂಡವು 2014ರಲ್ಲಿ ಏಳು ಜನರೊಂದಿಗೆ ಮತ್ತೆ ಕೂಡಿದಾಗ, ದಶಕಗಳ ಬಳಿಕ ಮೊದಲ ಭಾಗ ವೇದಿಕೆಗೆ ಬಂದಿತು. ಪಿಟೀಲಿನ ಪಾಲನ್ನು ಮೆಲ್ ಕಾಲಿನ್ಸ್ ಕೊಳಲಿನಲ್ಲಿ ನುಡಿಸಿದನು. ಬ್ರೂಫರ್ಡ್, ಮ್ಯೂರ್ ಇಬ್ಬರ ಪಾಲನ್ನು ವೇದಿಕೆಯ ಮುಂಭಾಗದಲ್ಲಿ ಕುಳಿತ ಮೂವರು ಡ್ರಮ್ ವಾದಕರು ಹಂಚಿಕೊಂಡರು. 2021ರ ಡಿಸೆಂಬರಿನಲ್ಲಿ ಟೋಕಿಯೋ ನಗರದ ಕಛೇರಿಯೊಂದಿಗೆ ಆ ಸಂಚಾರ ಮುಗಿಯಿತು. ಮಠದಿಂದ ಮರಳಿ ಕೆಲಕಾಲ ಸಂಗೀತದಲ್ಲಿ ತೊಡಗಿ, ಆಮೇಲೆ ಚಿತ್ರಕಲೆಗೆ ಒಲಿದಿದ್ದ ಮ್ಯೂರ್ 2025ರ ಫೆಬ್ರುವರಿಯಲ್ಲಿ ತೀರಿಕೊಂಡನು.